ಮ್ಯಾನೇಜರ್ ತನ್ನನ್ನು ಅಳೆದುಕೊಳ್ಳಲು ವಿಶೇಷಣ ಸಾಲದು, ದಿನಾಂಕ ಬೇಕು

ಮಾನ್ಯ ಸಂಪಾದಕರೇ,

ಉದ್ಯೋಗ ಪುಟಗಳಲ್ಲಿ ಸಂದರ್ಶನಕ್ಕೆ ಹೋಗುವವರಿಗೆ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಸಲಹೆ ಧಾರಾಳವಾಗಿ ಸಿಗುತ್ತದೆ. ಹತ್ತು ಜನರ ಕೆಲಸಕ್ಕೆ ಹೊಣೆಯಾದ ಮ್ಯಾನೇಜರ್ ತನ್ನ ಕೆಲಸವನ್ನು ತಾನು ಹೇಗೆ ಅಳೆದುಕೊಳ್ಳಬೇಕು ಎಂಬ ಬಗ್ಗೆ ಬರುವುದು ತೀರಾ ಕಡಿಮೆ. ಅದರ ಫಲ ಅಪ್ರೈಸಲ್ (ವರ್ಷದ ಕೆಲಸದ ಮೌಲ್ಯಮಾಪನ) ಹೊತ್ತಿಗೆ ಕಾಣುತ್ತದೆ. ‘ಸ್ವಮೌಲ್ಯಮಾಪನ’ ಎಂಬ ಕಲಂನಲ್ಲಿ ಬಹಳಷ್ಟು ಮ್ಯಾನೇಜರ್‌ಗಳು ತಂಡ ಮುಟ್ಟಿದ ಟಾರ್ಗೆಟ್‌ಗಳನ್ನು ಪಟ್ಟಿ ಮಾಡುತ್ತಾರೆ, ಜೊತೆಗೆ ‘ತಂಡವನ್ನು ಸಮರ್ಥವಾಗಿ ಮುನ್ನಡೆಸಿದ್ದೇನೆ’, ‘ಒತ್ತಡವನ್ನು ಚೆನ್ನಾಗಿ ನಿಭಾಯಿಸುತ್ತೇನೆ’ ಎಂಬಂಥ ನಾಲ್ಕು ಸಾಲು ಸೇರಿಸುತ್ತಾರೆ. ಪಟ್ಟಿ ತಂಡದ್ದಾಯಿತು, ಸಾಲುಗಳು ಬರೀ ಅಭಿಪ್ರಾಯವಾದವು. ಮ್ಯಾನೇಜರ್ ಯಾವ ದಿನ ಏನು ಮಾಡಿದರು, ಅದರಿಂದ ಏನು ಬದಲಾಯಿತು ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ. ಈ ಪತ್ರ ಅದರ ಬಗ್ಗೆಯೇ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಸ್ವಮೌಲ್ಯಮಾಪನಕ್ಕೂ ಒಪ್ಪುತ್ತದೆ. ಆದರೆ ಮುದ್ದಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಮ್ಯಾನೇಜರ್‌ಗೆ ತನ್ನ ಉದ್ದೇಶ ಗೊತ್ತಿರುತ್ತದೆ, ಜೊತೆಯವರಿಗೆ ಕಾಣುವುದು ನಡೆ ಮಾತ್ರ. ‘ಕಲಿಯಲಿ ಎಂದು ಅವನಿಗೆ ದೊಡ್ಡ ಕೆಲಸ ಕೊಟ್ಟೆ’ ಎಂದು ಮ್ಯಾನೇಜರ್ ನೆನೆಯುತ್ತಾರೆ. ಎರಡೇ ದಿನಕ್ಕೆ ಅದನ್ನು ವಾಪಸ್ ಕಿತ್ತುಕೊಂಡದ್ದು ಅವನಿಗೆ ನೆನಪಿರುತ್ತದೆ. ಹ್ಯಾರಿಸ್ ಮತ್ತು ಶಾಬ್ರೋಕ್ ಎಂಬ ಸಂಶೋಧಕರು 1988ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಒಬ್ಬ ಉದ್ಯೋಗಿಗೆ ಮೇಲಧಿಕಾರಿ ಕೊಟ್ಟ ಅಂಕಕ್ಕೂ ಸಹೋದ್ಯೋಗಿಗಳು ಕೊಟ್ಟ ಅಂಕಕ್ಕೂ ಇದ್ದ ಸಹಸಂಬಂಧ 0.62. ಮೇಲಧಿಕಾರಿಯ ಅಂಕಕ್ಕೂ ಆ ಉದ್ಯೋಗಿ ತನಗೆ ತಾನೇ ಕೊಟ್ಟುಕೊಂಡ ಅಂಕಕ್ಕೂ ಇದ್ದದ್ದು 0.35 ಮಾತ್ರ. ಪೂರ್ತಿ ಹೊಂದಿದರೆ ಅದು 1 ಆಗುತ್ತದೆ, ಸಂಬಂಧವೇ ಇಲ್ಲದಿದ್ದರೆ 0.

ಹಾಗೆಂದು ಬಾಸ್ ಕೊಟ್ಟ ಅಂಕವೇ ಕೊನೆಯ ಮಾತು ಎಂದುಕೊಳ್ಳುವಂತಿಲ್ಲ. ಸೇನಾಧಿಕಾರಿಗಳಿಗೆ ಅವರ ಮೇಲಿನವರು ಕೊಟ್ಟ ಅಂಕಗಳನ್ನು 1920ರಲ್ಲಿ ಪರಿಶೀಲಿಸಿದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್, ಒಂದು ಗುಣ ಹಿಡಿಸಿದರೆ ಅದಕ್ಕೆ ಸಂಬಂಧವಿಲ್ಲದ ಗುಣಗಳಿಗೂ ಅಂಕ ಏರುವುದನ್ನು ತೋರಿಸಿದರು. ‘ಹೇಲೋ ಪರಿಣಾಮ’ ಎಂಬ ಹೆಸರು ಬಂದದ್ದು ಅಲ್ಲಿಂದ. ಸ್ಕಲನ್, ಮೌಂಟ್ ಮತ್ತು ಗಾಫ್ ಎಂಬ ಸಂಶೋಧಕರು 2000ರಲ್ಲಿ ಮ್ಯಾನೇಜರ್‌ಗಳಿಗೆ ಬಂದ ಅಂಕಗಳನ್ನು ಬಿಡಿಸಿ ನೋಡಿದಾಗ, ಅಂಕಗಳ ಏರುಪೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಂಕ ಕೊಟ್ಟವರ ಸ್ವಂತ ಒಲವು ಮತ್ತು ಕೈ ಬಿಗಿಯಿಂದ ಬಂದದ್ದಾಗಿತ್ತು. ತನ್ನ ಕಣ್ಣನ್ನೂ ಪೂರ್ತಿ ನಂಬುವಂತಿಲ್ಲ, ಬಾಸ್ ಕಣ್ಣನ್ನೂ ಪೂರ್ತಿ ನಂಬುವಂತಿಲ್ಲ ಎಂದಾದರೆ, ಇಬ್ಬರೂ ಒಟ್ಟಿಗೆ ಕೂತು ನೋಡಬಹುದಾದ ದಾಖಲೆಯನ್ನು ಮೇಜಿನ ಮೇಲೆ ಇಡುವುದೊಂದೇ ದಾರಿ.

ದಾಖಲೆ ಕಟ್ಟುವ ಮೊದಲು ಫಲಿತಾಂಶ, ನಡೆ, ಸಾಮರ್ಥ್ಯ ಈ ಮೂರನ್ನೂ ಬೇರೆ ಬೇರೆ ಮಾಡಿಕೊಳ್ಳಬೇಕು. ತಂಡದಿಂದ ಹೊರಬಂದದ್ದು ಫಲಿತಾಂಶ. ಅದಕ್ಕಾಗಿ ಮ್ಯಾನೇಜರ್ ಮಾಡಿದ್ದು ನಡೆ. ಬೇರೆ ಬೇರೆ ಪರಿಸ್ಥಿತಿಯಲ್ಲೂ ಮತ್ತೆ ಮತ್ತೆ ಕಾಣುವ ನಡೆಯ ಹಿಂದೆ ಇರುವುದು ಸಾಮರ್ಥ್ಯ. ಒಬ್ಬ ದೊಡ್ಡ ಗ್ರಾಹಕ ತಾನಾಗಿಯೇ ಬಂದು ಟಾರ್ಗೆಟ್ ಮುಟ್ಟಿದ್ದರೆ ಫಲಿತಾಂಶ ಇದೆ, ನಡೆ ಇಲ್ಲ. ಮೂರು ಹುದ್ದೆ ಖಾಲಿ ಇದ್ದರೂ ಕೆಲಸ ಹಂಚಿ, ಎರಡು ಡೆಡ್‌ಲೈನ್‌ಗಳನ್ನು ಮೊದಲೇ ಮಾತಾಡಿ ಮುಂದಕ್ಕೆ ಹಾಕಿಸಿ ಉಳಿದದ್ದನ್ನು ಮುಗಿಸಿದ್ದರೆ, ಟಾರ್ಗೆಟ್ ತಪ್ಪಿದರೂ ನಡೆ ಚೆನ್ನಾಗಿದೆ. ಸಾಮರ್ಥ್ಯವನ್ನು ಬುದ್ಧಿಮತ್ತೆಯ ಪರೀಕ್ಷೆಗಿಂತ ಕೆಲಸದಲ್ಲಿ ಕಾಣುವ ನಡೆಯಿಂದ ಗುರುತಿಸಬೇಕು ಎಂದು ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ 1973ರಲ್ಲೇ ವಾದಿಸಿದ್ದರು. ಅದಕ್ಕೂ ಮೊದಲು, 1955ರಲ್ಲಿ, ರಾಬರ್ಟ್ ಕಾಟ್ಜ್ ಆಡಳಿತಗಾರರ ಕೌಶಲಗಳನ್ನು ತಾಂತ್ರಿಕ, ಮಾನವ ಸಂಬಂಧದ ಮತ್ತು ಒಟ್ಟಾರೆ ಗ್ರಹಿಕೆಯ ಕೌಶಲ ಎಂದು ವಿಂಗಡಿಸಿದ್ದರು. ಹುದ್ದೆ ಏರಿದಂತೆ ಮೊದಲನೆಯದರ ಪಾಲು ಕುಗ್ಗಿ ಮೂರನೆಯದರ ಪಾಲು ಹಿಗ್ಗುತ್ತದೆ. ಚೆನ್ನಾಗಿ ಕೆಲಸ ಮಾಡುತ್ತಿದ್ದವರೊಬ್ಬರು ಬಡ್ತಿ ಪಡೆದ ಮೇಲೆ ತನ್ನ ಹಳೆಯ ಕೌಶಲಕ್ಕೇ ಅಂಕ ಹಾಕಿಕೊಳ್ಳುವುದು ತುಂಬಾ ಸಾಮಾನ್ಯ. ‘ಕಷ್ಟದ ಫೈಲ್ ಬಂದರೆ ಈಗಲೂ ನಾನೇ ಮುಗಿಸುತ್ತೇನೆ’ ಎಂಬುದು ಅವರಿಗೆ ಹೆಮ್ಮೆಯ ಸಾಲು. ಮ್ಯಾನೇಜರ್ ಹುದ್ದೆಯಲ್ಲಿ ಅದು ಎಚ್ಚರಿಕೆಯ ಗಂಟೆ.

ಇನ್ನು ದಾಖಲೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಯ ಸಿಬ್ಬಂದಿಯ ಕೆಲಸವನ್ನು ಅಭ್ಯಾಸ ಮಾಡಿದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್ 1954ರಲ್ಲಿ ‘ನಿರ್ಣಾಯಕ ಘಟನೆ’ಗಳ ವಿಧಾನವನ್ನು ವಿವರಿಸಿದರು. ಒಬ್ಬರು ಒಳ್ಳೆಯವರೋ ಅಲ್ಲವೋ ಎಂದು ಕೇಳುವ ಬದಲು, ಕೆಲಸ ಗೆದ್ದ ಅಥವಾ ಕೆಟ್ಟ ನಿರ್ದಿಷ್ಟ ಘಟನೆಯಲ್ಲಿ ಅವರು ಏನು ಮಾಡಿದರು ಎಂದು ಕೇಳುವುದು ಅದರ ತಿರುಳು. ಇದನ್ನು ಯಾವ ಮ್ಯಾನೇಜರ್ ಬೇಕಾದರೂ ಒಂದು ನೋಟ್‌ಬುಕ್‌ನಲ್ಲಿ ಮಾಡಬಹುದು. ವಾರಕ್ಕೆ 15 ನಿಮಿಷ, ವಾರದ ಕೊನೆಯ ಕೆಲಸದ ದಿನ, ಎರಡು ಘಟನೆ: ಒಂದು ಸರಿಹೋದದ್ದು, ಒಂದು ಕೆಟ್ಟದ್ದು. ಪ್ರತಿ ಘಟನೆಗೆ ಪರಿಸ್ಥಿತಿ ಏನಿತ್ತು, ನಾನು ಮಾಡಿದ್ದೇನು, ಆಮೇಲೆ ಏನಾಯಿತು, ಇದು ಬೇರೆ ಯಾರಿಗೆ ಗೊತ್ತು ಎಂಬ ನಾಲ್ಕು ಅಂಶ. ರಜೆ ಕಳೆದು 45 ವಾರ ಹಿಡಿದರೂ ವರ್ಷಕ್ಕೆ 90 ಘಟನೆಗಳಾಗುತ್ತವೆ. ಮಾದರಿಗೆ ಒಂದು ಇಲ್ಲಿದೆ:

‘ಜುಲೈ 14. ತಿಂಗಳ ಲೆಕ್ಕ ತಾಳೆ ನೋಡುವ ಕೆಲಸ ಇದುವರೆಗೆ ನನ್ನದೇ, ತಿಂಗಳಿಗೆ 6 ಗಂಟೆ. ಇವತ್ತು ಹಿರಿಯ ಸಹಾಯಕಿಗೆ ವಹಿಸಿದೆ. ಒಮ್ಮೆ ಜೊತೆಗೆ ಕೂತು ಮಾಡಿ ತೋರಿಸಿದೆ. ಯಾವ ವ್ಯತ್ಯಾಸ ಬಂದರೆ ನನ್ನನ್ನು ಕೇಳಬೇಕು, ಯಾವುದನ್ನು ಅವರೇ ತೀರ್ಮಾನಿಸಬಹುದು ಎಂದು ಬರೆದುಕೊಟ್ಟೆ. ಆಮೇಲೆ ಸೇರಿಸಿದ್ದು: ಆಗಸ್ಟ್‌ನಲ್ಲಿ 11 ತಪ್ಪು. ನಾನು ತಿದ್ದಲಿಲ್ಲ, ಗುರುತು ಹಾಕಿ ವಾಪಸ್ ಕೊಟ್ಟೆ. ಅಕ್ಟೋಬರ್‌ನಲ್ಲಿ 2 ತಪ್ಪು. ಈಗ ನನ್ನ ಪಾಲಿಗೆ 40 ನಿಮಿಷದ ಪರಿಶೀಲನೆ ಉಳಿದಿದೆ. ಗೊತ್ತಿರುವವರು: ಆ ಸಹಾಯಕಿ, ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು.’

ಇದರಲ್ಲಿ ತನ್ನನ್ನು ಹೊಗಳಿಕೊಳ್ಳುವ ಒಂದೂ ವಿಶೇಷಣ ಇಲ್ಲ. ಆದರೂ ಕೆಲಸ ವಹಿಸುವ ಸಾಮರ್ಥ್ಯದ ಬಗ್ಗೆ, ತಪ್ಪನ್ನು ಕಲಿಕೆಯಾಗಿಸುವ ತಾಳ್ಮೆಯ ಬಗ್ಗೆ ಓದಿದವರಿಗೆ ಬೇಕಾದಷ್ಟು ಸಿಗುತ್ತದೆ. ಕೆಟ್ಟ ಘಟನೆಯನ್ನೂ ಇಷ್ಟೇ ಬಿಡಿಸಿ ಬರೆಯಬೇಕು. ‘ಮೀಟಿಂಗ್‌ನಲ್ಲಿ ಸ್ವಲ್ಪ ಗರಂ ಆದೆ’ ಎಂದರೆ ಏನೂ ತಿಳಿಯದು. ‘ವರದಿ ತಡವಾದದ್ದಕ್ಕೆ ಏಳು ಜನರ ಎದುರು ಒಬ್ಬರನ್ನು ಕಾರಣ ಕೇಳಿದೆ, ಅವರು ಉತ್ತರ ಮುಗಿಸುವ ಮುಂಚೆ ಮಾತು ಕಡಿದೆ, ಮುಂದಿನ ಎರಡು ಮೀಟಿಂಗ್‌ಗಳಲ್ಲಿ ಅವರು ಬಾಯಿ ಬಿಡಲಿಲ್ಲ’ ಎಂದು ಬರೆದಾಗ ಎಲ್ಲಿ ತಪ್ಪಿತು ಎಂದು ಬೆರಳಿಟ್ಟು ತೋರಿಸಬಹುದು.

ನೋಟ್‌ಬುಕ್ ಕೆಡುವ ಬಗೆಗಳೂ ಇವೆ. ಕೆಲವರು ವರ್ಷದ ಕೊನೆಗೆ ಒಂದೇ ಸಂಜೆ ಕೂತು ಎಲ್ಲವನ್ನೂ ನೆನಪಿನಿಂದ ಬರೆಯುತ್ತಾರೆ. ಆಗ ಇತ್ತೀಚಿನದೇ ತುಂಬಿಕೊಳ್ಳುತ್ತದೆ. ತಿಂಗಳುವಾರು ಎಣಿಸಿದರೆ ಸಾಕು, ಅರ್ಧಕ್ಕಿಂತ ಹೆಚ್ಚು ಘಟನೆಗಳು ಕೊನೆಯ ಮೂರು ತಿಂಗಳಿನವಾದರೆ ಆ ದಾಖಲೆಯ ಮೇಲೆ ಇಡೀ ವರ್ಷದ ತೀರ್ಪು ಬರೆಯಲಾಗದು. ಇನ್ನು ಕೆಲವರ ಪುಸ್ತಕದಲ್ಲಿ ಬರೀ ಬಿಕ್ಕಟ್ಟುಗಳು. ಬೆಂಕಿ ಆರಿಸಿದ್ದು ನೆನಪಿರುತ್ತದೆ, ಬೆಂಕಿ ಹತ್ತದಂತೆ ನೋಡಿಕೊಂಡದ್ದು ನೆನಪಿರುವುದಿಲ್ಲ. ಒಂದೇ ಬಗೆಯ ಬಿಕ್ಕಟ್ಟನ್ನು ವರ್ಷದಲ್ಲಿ ನಾಲ್ಕು ಸಲ ‘ಯಶಸ್ವಿಯಾಗಿ ನಿಭಾಯಿಸಿದ’ ದಾಖಲೆ ಇದ್ದರೆ, ಮೊದಲನೆಯ ಸಲದ ನಂತರ ಏನು ಬದಲಿಸಲಿಲ್ಲ ಎಂದು ಕೇಳಿಕೊಳ್ಳಬೇಕು.

ಘಟನೆಗಳ ಜೊತೆಗೆ ಕೆಲವು ಅಂಕಿಗಳೂ ಬೇಕು. ಅವು ತಂಡದ ಉತ್ಪಾದನೆಯ ಅಂಕಿಗಳಾಗದೆ ಮ್ಯಾನೇಜರ್ ಕೈಯಲ್ಲೇ ಇರುವ ಕೆಲಸದ ಅಂಕಿಗಳಾಗಿರಬೇಕು. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತಾಡುವ ಅಂಕಿ, ತೀರ್ಮಾನಕ್ಕಾಗಿ ಬಂದ ವಿಷಯ ಮ್ಯಾನೇಜರ್ ಮೇಜಿನ ಮೇಲೆ ಎಷ್ಟು ದಿನ ಕಾಯಿತು ಎಂಬುದು. ಬಂದ ದಿನ, ಉತ್ತರ ಹೋದ ದಿನ ಎರಡೂ ಇಮೇಲ್‌ನಲ್ಲಿ ಇರುತ್ತವೆ. ಹತ್ತು ತೀರ್ಮಾನಗಳಲ್ಲಿ ಒಂಬತ್ತು ಒಂದೊಂದು ದಿನಕ್ಕೆ ಮುಗಿದು, ಹತ್ತನೆಯದು 41 ದಿನ ಹಿಡಿಯಿತು ಎನ್ನಿ. ಸರಾಸರಿ ತೆಗೆದರೆ 5 ದಿನ, ಎಲ್ಲವೂ ನಿಧಾನ ಎಂಬ ಭಾವನೆ ಬರುತ್ತದೆ. ಮಧ್ಯಾಂಕ, ಅಂದರೆ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ, ತೆಗೆದರೆ 1 ದಿನ, ಎಲ್ಲವೂ ಸುಗಮ ಎಂಬ ಭಾವನೆ ಬರುತ್ತದೆ. ಎರಡೂ ತಪ್ಪು ದಾರಿಗೆ ಎಳೆಯುತ್ತವೆ. ಹಾಗಾಗಿ ಮಧ್ಯಾಂಕದ ಪಕ್ಕದಲ್ಲೇ ಅತಿ ಹೆಚ್ಚು ಕಾದ ಮೂರು ವಿಷಯಗಳನ್ನು ಹೆಸರಿಸಿ ಬರೆಯಬೇಕು. ಆ ಮೂರರಲ್ಲಿ ಸಾಮಾನ್ಯವಾಗಿ ಒಂದೇ ಎಳೆ ಇರುತ್ತದೆ: ಯಾರಿಗೋ ‘ಇಲ್ಲ’ ಎನ್ನಬೇಕಾದದ್ದು, ಅಥವಾ ಪಕ್ಕದ ವಿಭಾಗದೊಡನೆ ಜಗಳಕ್ಕೆ ಹೋಗಬೇಕಾದದ್ದು, ಅಥವಾ ತನಗೆ ಅರ್ಥವಾಗದ ತಾಂತ್ರಿಕ ವಿಷಯ. ಬೆಳೆಸಿಕೊಳ್ಳಬೇಕಾದ ಸಾಮರ್ಥ್ಯ ಯಾವುದು ಎಂದು ಅಲ್ಲೇ ಬರೆದಿರುತ್ತದೆ.

ತಂಡದವರೊಬ್ಬೊಬ್ಬರೊಡನೆ ನಡೆಸುವ ಮಾತುಕತೆಯ ಲೆಕ್ಕವೂ ಹೀಗೆಯೇ. ಎಂಟು ಜನ, ತಿಂಗಳಿಗೆ ಎರಡು ಸಲ ಎಂದರೆ ಮೂರು ತಿಂಗಳಿಗೆ 48 ಭೇಟಿ. ಎಷ್ಟು ನಡೆದವು ಎನ್ನುವುದಕ್ಕಿಂತ, ರದ್ದಾದವು ಯಾರ ಭೇಟಿಗಳು ಎಂದು ನೋಡಬೇಕು. ಇಬ್ಬರದ್ದೇ ಮತ್ತೆ ಮತ್ತೆ ರದ್ದಾಗಿದ್ದರೆ ಅದು ಸಮಯದ ಕೊರತೆಯಲ್ಲ. ಮಾತಾಡಲು ಕಷ್ಟವೆನಿಸುವವರನ್ನು, ಇಲ್ಲವೇ ಸದ್ದು ಮಾಡದೆ ಕೆಲಸ ಮಾಡಿಕೊಂಡಿರುವವರನ್ನು ನಾವು ಗೊತ್ತಿಲ್ಲದೆಯೇ ಮುಂದಕ್ಕೆ ತಳ್ಳುತ್ತಿರುತ್ತೇವೆ.

ಮ್ಯಾನೇಜರ್ ರಜೆ ಹಾಕಿದ ದಿನಗಳು ಇನ್ನೊಂದು ಒಳ್ಳೆಯ ಪರೀಕ್ಷೆ. ಹತ್ತು ದಿನದ ರಜೆಯಲ್ಲಿ ಬಂದ ಕರೆಗಳನ್ನೂ, ವಾಪಸ್ ಬಂದಾಗ ನಿಂತುಹೋಗಿದ್ದ ಕೆಲಸಗಳನ್ನೂ ಬರೆದುಕೊಂಡು ಮೂರು ಗುಂಪು ಮಾಡಬೇಕು. ಮಾಹಿತಿ ನನ್ನಲ್ಲಿ ಮಾತ್ರ ಇದ್ದದ್ದರಿಂದ ನಿಂತದ್ದು, ಅಧಿಕಾರ ನನಗೆ ಮಾತ್ರ ಇದ್ದದ್ದರಿಂದ ನಿಂತದ್ದು, ಕೌಶಲ ನನಗೆ ಮಾತ್ರ ಇದ್ದದ್ದರಿಂದ ನಿಂತದ್ದು. ಮೂರಕ್ಕೂ ಮದ್ದು ಬೇರೆ. ಮೊದಲನೆಯದನ್ನು ಎಲ್ಲರಿಗೂ ಸಿಗುವ ಕಡೆ ಬರೆದಿಟ್ಟರೆ ಮುಗಿಯಿತು. ಎರಡನೆಯದಕ್ಕೆ, ಯಾರು ಎಷ್ಟರವರೆಗೆ ಒಪ್ಪಿಗೆ ಕೊಡಬಹುದು ಎಂಬ ಸಹಿಯ ಮಿತಿ ಬದಲಿಸಬೇಕು. ಮೂರನೆಯದಕ್ಕೆ ಒಬ್ಬರನ್ನು ತಿಂಗಳುಗಟ್ಟಲೆ ತಯಾರು ಮಾಡಬೇಕು. ಅಧಿಕಾರದ ತೊಡಕಿಗೆ ತರಬೇತಿ ಏರ್ಪಡಿಸಿ, ಆಮೇಲೂ ಕೆಲಸ ನಿಂತಲ್ಲೇ ನಿಂತಿದೆ ಎಂದು ತಂಡವನ್ನು ದೂರುವುದು ಎಷ್ಟೋ ಕಡೆ ನಡೆಯುತ್ತದೆ.

ಚಿಕ್ಕ ತಂಡಗಳಲ್ಲಿ ಶೇಕಡಾವಾರು ಬೇಡ. ಆರು ಜನರಲ್ಲಿ ಒಬ್ಬರು ಬಿಟ್ಟು ಹೋದರೆ ಅದು ಸುಮಾರು ಶೇ 17 ಆಗುತ್ತದೆ. ಆ ಅಂಕಿ ಹೆದರಿಸುತ್ತದೆಯೇ ಹೊರತು ಏನನ್ನೂ ತಿಳಿಸುವುದಿಲ್ಲ. ಒಬ್ಬರು ಹೋದರು, ಇಂಥ ಕಾರಣ ಕೊಟ್ಟರು, ಆ ಕಾರಣ ನನಗೆ ಎಷ್ಟು ತಿಂಗಳು ಮೊದಲೇ ಗೊತ್ತಿತ್ತು ಎಂದು ಬರೆದರೆ ಸಾಕು.

ಅಂಕಿಗಳ ಬಗ್ಗೆ ಎರಡು ಎಚ್ಚರಿಕೆ ಹೇಳಲೇಬೇಕು. ಹಿಡಿತ ಸಾಧಿಸಲೆಂದು ಒಂದು ಅಂಕಿಯ ಮೇಲೆ ಒತ್ತಡ ಹಾಕಿದ ಕೂಡಲೇ ಅದು ಮೊದಲಿನಂತೆ ನಡೆದುಕೊಳ್ಳುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ವಿಚಾರದಲ್ಲಿ ಹೇಳಿದ್ದು ಇಲ್ಲಿಗೂ ಹೊಂದುತ್ತದೆ. ತೀರ್ಮಾನದ ವೇಗಕ್ಕೆ ಬಹುಮಾನ ಇಟ್ಟರೆ ಯೋಚಿಸದೆ ‘ಒಪ್ಪಿದೆ’ ಎಂದು ಉತ್ತರ ಹೋಗುತ್ತದೆ. ಅದಕ್ಕೇ ಪ್ರತಿ ಅಂಕಿಗೂ ಎದುರಂಕಿ ಇರಬೇಕು. ವೇಗದ ಪಕ್ಕದಲ್ಲಿ, ಕೊಟ್ಟ ಮೇಲೆ ಬದಲಿಸಬೇಕಾಗಿ ಬಂದ ತೀರ್ಮಾನಗಳೆಷ್ಟು ಎಂದು ಬರೆಯಬೇಕು. ಇನ್ನೊಂದು, ಕಡಿಮೆ ಇದ್ದದ್ದೆಲ್ಲ ಒಳ್ಳೆಯದಲ್ಲ. ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಸಂಶೋಧಕಿ ಏಮಿ ಎಡ್ಮಂಡ್ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ನಾಯಕತ್ವ ಇದ್ದ ಘಟಕಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿಯವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂಬುದು ಎಡ್ಮಂಡ್ಸನ್ ಕೊಟ್ಟ ವಿವರಣೆ. ‘ನನ್ನ ತಂಡದಿಂದ ಈ ವರ್ಷ ಒಂದೂ ದೂರಿಲ್ಲ’ ಎಂದು ಬರೆಯುವ ಮುನ್ನ ಮ್ಯಾನೇಜರ್ ಇದನ್ನು ನೆನಪಿಸಿಕೊಳ್ಳಬೇಕು. ದೂರು ಇಲ್ಲದಿರುವುದಕ್ಕೆ ಭಯವೂ ಕಾರಣವಾಗಿರಬಹುದು.

ಇಷ್ಟು ಸೇರಿದ ಮೇಲೆ ಅಂಕ ಹಾಕುವ ಕೆಲಸ. ‘1ರಿಂದ 5’ ಎಂದು ಬರೀ ಸಂಖ್ಯೆ ಕೊಟ್ಟರೆ ಹೆಚ್ಚಿನವರು 4ಕ್ಕೆ ಗುರುತು ಹಾಕಿ ಮುಂದೆ ಹೋಗುತ್ತಾರೆ. ಸ್ಮಿತ್ ಮತ್ತು ಕೆಂಡಾಲ್ ಎಂಬ ಸಂಶೋಧಕರು 1963ರಲ್ಲಿ ಸೂಚಿಸಿದ ದಾರಿ ಇದಕ್ಕಿಂತ ಗಟ್ಟಿ: ಪ್ರತಿ ಮೆಟ್ಟಿಲಿಗೂ ಕಣ್ಣಿಗೆ ಕಾಣುವ ನಡೆಯೊಂದನ್ನು ಬರೆದಿಡುವುದು. ಕೆಲಸ ವಹಿಸುವ ಸಾಮರ್ಥ್ಯವನ್ನೇ ಹಿಡಿಯಿರಿ. 1 ಎಂದರೆ ಕೆಲಸವನ್ನು ಕೊಡುವುದೇ ಇಲ್ಲ, ಕೊಟ್ಟರೂ ವಾಪಸ್ ತೆಗೆದುಕೊಳ್ಳುತ್ತಾರೆ. 2 ಎಂದರೆ ಕೆಲಸ ಕೊಡುತ್ತಾರೆ, ಹೇಗೆ ಮಾಡಬೇಕು ಎಂಬ ಪ್ರತಿ ಹೆಜ್ಜೆಯನ್ನೂ ತಾವೇ ಹೇಳುತ್ತಾರೆ. 3 ಎಂದರೆ ಏನು ಬೇಕು, ಯಾವಾಗ ಬೇಕು ಎಂದು ಸ್ಪಷ್ಟವಾಗಿ ಹೇಳಿ ಬಿಡುತ್ತಾರೆ, ಆದರೆ ತೀರ್ಮಾನದ ಅಧಿಕಾರ ಕೊಡುವುದಿಲ್ಲ. 4 ಎಂದರೆ ಅಧಿಕಾರದ ಗಡಿಯನ್ನೂ ಬರೆದುಕೊಡುತ್ತಾರೆ, ಮೊದಲೇ ಒಪ್ಪಿದ ದಿನಗಳಲ್ಲಿ ಮಾತ್ರ ವಿಚಾರಿಸುತ್ತಾರೆ. 5 ಎಂದರೆ ಇದೆಲ್ಲದರ ಜೊತೆಗೆ, ಯಾರನ್ನು ಯಾವ ಕೆಲಸದಿಂದ ಬೆಳೆಸಬೇಕು ಎಂದು ಆಲೋಚಿಸಿಯೇ ವಹಿಸುತ್ತಾರೆ, ಕೆಲಸ ಪಡೆದವರು ಅದನ್ನು ಇನ್ನೊಬ್ಬರಿಗೆ ಕಲಿಸುವ ಮಟ್ಟಕ್ಕೆ ಬರುತ್ತಾರೆ. ಈಗ ನೋಟ್‌ಬುಕ್‌ನ ಘಟನೆಗಳನ್ನು ಈ ಮೆಟ್ಟಿಲುಗಳ ಮೇಲೆ ಜೋಡಿಸಬೇಕು. ಕೆಲಸ ವಹಿಸಿದ 12 ಘಟನೆಗಳಲ್ಲಿ 7 ಮೂರನೇ ಮೆಟ್ಟಿಲಲ್ಲಿ ಕೂತು ಒಂದೇ ಒಂದು ಐದರಲ್ಲಿ ಕೂತರೆ ಅಂಕ 3. ಅತ್ಯುತ್ತಮ ದಿನವನ್ನು ಹಿಡಿದು ಅಂಕ ಹಾಕಬಾರದು, ಎಂದಿನ ದಿನವನ್ನು ಹಿಡಿದು ಹಾಕಬೇಕು. ಎರಡು ಮೂರು ಘಟನೆಗಳೂ ಸಿಗದ ಸಾಮರ್ಥ್ಯಕ್ಕೆ ಅಂಕವನ್ನೇ ಹಾಕದೆ ‘ಸಾಕಷ್ಟು ಪುರಾವೆ ಇಲ್ಲ’ ಎಂದು ಬಿಡುವುದು ಪ್ರಾಮಾಣಿಕ.

ತಂಡದವರ ಅಭಿಪ್ರಾಯ ಕೇಳದೆ ಈ ಕೆಲಸ ಪೂರ್ತಿಯಾಗದು. ಆದರೆ ಮ್ಯಾನೇಜರ್ ತಾನೇ ಕೇಳಿದರೆ ಸಿಹಿ ಮಾತು ಮಾತ್ರ ಸಿಗುತ್ತದೆ. ಮೂರನೆಯವರೊಬ್ಬರು ಉತ್ತರ ಸಂಗ್ರಹಿಸಬೇಕು. ಒಂದು ಗುಂಪಿನಿಂದ ಮೂರಕ್ಕಿಂತ ಕಡಿಮೆ ಉತ್ತರ ಬಂದರೆ ಆ ಗುಂಪಿನದನ್ನು ಬೇರೆಯಾಗಿ ತೋರಿಸಬಾರದು, ಯಾರದೆಂದು ಗೊತ್ತಾಗಿಬಿಡುತ್ತದೆ. ಪ್ರಶ್ನೆ ನಡೆಯ ಬಗ್ಗೆ ಇರಬೇಕು. ‘ನಿಮ್ಮ ಮ್ಯಾನೇಜರ್ ಒಳ್ಳೆಯ ನಾಯಕರೇ?’ ಎಂದರೆ ಯಾರಿಗೂ ಉಪಯೋಗವಿಲ್ಲ. ‘ಕಳೆದ ಮೂರು ತಿಂಗಳಲ್ಲಿ ನಿಮ್ಮ ಕೆಲಸದ ಆದ್ಯತೆ ಬದಲಾದಾಗ ಕಾರಣ ಹೇಳಿದರೇ?’, ‘ನಿಮ್ಮ ತಪ್ಪನ್ನು ನೀವೇ ಹೋಗಿ ಹೇಳಿದಾಗ ಮೊದಲ ಪ್ರತಿಕ್ರಿಯೆ ಏನಿತ್ತು?’, ‘ಅವರು ಮಾಡುವುದನ್ನು ನಿಲ್ಲಿಸಿದರೆ ನಿಮ್ಮ ಕೆಲಸ ಹಗುರಾಗುವಂಥದ್ದು ಯಾವುದು?’ ಎಂದು ಕೇಳಿದರೆ ಉತ್ತರ ಬರುತ್ತದೆ. ಐದಾರು ಪ್ರಶ್ನೆ ಸಾಕು. ಉತ್ತರ ಬಂದ ಮೇಲೆ ಯಾವ ಸಾಲು ಯಾರದ್ದು ಎಂದು ಊಹಿಸಲು ಹೊರಟ ಮ್ಯಾನೇಜರ್‌ಗೆ ಮುಂದಿನ ವರ್ಷ ನಿಜವಾದ ಉತ್ತರ ಸಿಗುವುದಿಲ್ಲ. ಒಂದು ವಾರದೊಳಗೆ ತಂಡದ ಮುಂದೆ ನಿಂತು ‘ಇದನ್ನು ಕೇಳಿಸಿಕೊಂಡೆ, ಇದೊಂದನ್ನು ಬದಲಿಸುತ್ತೇನೆ, ಇದನ್ನು ಬದಲಿಸಲಾಗದು, ಕಾರಣ ಇದು’ ಎಂದು ಹೇಳುವುದೇ ಸರಿಯಾದ ಉತ್ತರ.

ಬದಲಿಸುವುದು ಒಂದನ್ನೇ ಎಂಬುದಕ್ಕೂ ಕಾರಣವಿದೆ. ಫೀಡ್‌ಬ್ಯಾಕ್ ಕುರಿತ ಅಧ್ಯಯನಗಳನ್ನು ಕ್ಲೂಗರ್ ಮತ್ತು ಡೆನಿಸಿ ಎಂಬ ಸಂಶೋಧಕರು 1996ರಲ್ಲಿ ಒಟ್ಟುಗೂಡಿಸಿದಾಗ, ಮೂರನೇ ಒಂದಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಫೀಡ್‌ಬ್ಯಾಕ್ ನಂತರ ಕೆಲಸ ಇನ್ನೂ ಕುಸಿದಿತ್ತು. ಗಮನ ಕೆಲಸದಿಂದ ಜಾರಿ ‘ನಾನು ಎಂಥವನು’ ಎಂಬಲ್ಲಿಗೆ ಹೋದಾಗ ಹೀಗಾಗುತ್ತದೆ ಎಂಬುದು ಅವರ ವಾದ. ಆದ್ದರಿಂದ ‘ಕೇಳಿಸಿಕೊಳ್ಳುವ ಗುಣ ಬೆಳೆಸಿಕೊಳ್ಳುತ್ತೇನೆ’ ಎಂದು ಬರೆಯುವುದಕ್ಕಿಂತ ‘ಮುಂದಿನ 10 ವಾರದ ಮೀಟಿಂಗ್‌ಗಳಲ್ಲಿ ನನ್ನ ಅಭಿಪ್ರಾಯವನ್ನು ಎಲ್ಲರದ್ದೂ ಆದ ಮೇಲೆ ಹೇಳುತ್ತೇನೆ, ತಂಡದ ಒಬ್ಬರು ಇದನ್ನು ಗಮನಿಸಿ ಗುರುತು ಹಾಕುತ್ತಾರೆ’ ಎಂದು ಬರೆಯಬೇಕು. ಹತ್ತರಲ್ಲಿ ಎಷ್ಟು ಸಲ ಆಯಿತು ಎಂದು ಎಣಿಸಬಹುದು. ಆರಕ್ಕಿಂತ ಕಡಿಮೆಯಾದರೆ ಯಾವ ವಿಷಯ ಬಂದಾಗ ತಾಳ್ಮೆ ತಪ್ಪಿತು ಎಂದೂ ತಿಳಿಯುತ್ತದೆ.

ಸ್ವಮೌಲ್ಯಮಾಪನದ ನಮೂನೆ ಸಿದ್ಧಪಡಿಸುವ ಮಾನವ ಸಂಪನ್ಮೂಲ ವಿಭಾಗದವರಲ್ಲಿ ಒಂದು ಕೋರಿಕೆ. ಮ್ಯಾನೇಜರ್‌ಗಳು ಕೆಟ್ಟ ಘಟನೆಯನ್ನು ಬರೆಯದಿರುವುದಕ್ಕೆ ಬಹುಪಾಲು ಕಾರಣ ಅವರ ಸಂಕೋಚವಲ್ಲ. ಅದೇ ಹಾಳೆಯ ಮೇಲೆ ಸಂಬಳ ಏರಿಕೆಯೂ ನಿರ್ಧಾರವಾಗುತ್ತದೆ, ಬರೆದವರಿಗೇ ನಷ್ಟ. ಬೆಳವಣಿಗೆಯ ಮಾತುಕತೆಯನ್ನೂ ಸಂಬಳದ ತೀರ್ಮಾನವನ್ನೂ ಕನಿಷ್ಠ ಎರಡು ಮೂರು ತಿಂಗಳ ಅಂತರದಲ್ಲಿ ಇಡಿ. ತಾವಾಗಿಯೇ ಬರೆದುಕೊಂಡ ತಪ್ಪಿಗೆ ಅಂಕ ಕಳೆಯುವುದಿಲ್ಲ ಎಂದು ನಮೂನೆಯ ಮೇಲೆಯೇ ಅಚ್ಚು ಹಾಕಿಸಿ, ಆ ಮಾತಿಗೆ ನಿಲ್ಲಿ. ರೇಟಿಂಗ್‌ನ ಚೌಕದ ಪಕ್ಕದಲ್ಲಿ ‘ದಿನಾಂಕ, ಮಾಡಿದ್ದು, ಆದದ್ದು, ಗೊತ್ತಿರುವವರು’ ಎಂಬ ನಾಲ್ಕು ಕಲಂ ಸೇರಿಸಿ, ಅವು ತುಂಬದೆ ಚೌಕಕ್ಕೆ ಗುರುತು ಹಾಕಲು ಬಾರದಂತೆ ಮಾಡಿ.

ಇತಿ,
ಸಿಬ್ಬಂದಿ ಮೌಲ್ಯಮಾಪನದ ಕೆಲಸದಲ್ಲಿರುವ ಓದುಗರು